ಅಕ್ಕಿಕಾಳಿನಷ್ಟು ಬೆಳಕು

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಮಗಳಿಗೆ ತಲೆಸ್ನಾನ ಮಾಡಿಸುತ್ತಾಳೆ. ಬಚ್ಚಲಿನ ಬಾಗಿಲ ಸಂದಿಯಿಂದ ಮಕ್ಕಳ ಶಾಂಪೂವಿನ ವಾಸನೆ ಹೊರಗೆ ಬರುತ್ತದೆ. ಬೇರೆ ಅಪ್ಪಂದಿರಿಗೆ ಆ ವಾಸನೆ ಬಡಿದರೆ ಮಗುವನ್ನು ಎತ್ತಿ ಮುದ್ದಾಡಬೇಕು ಅನ್ನಿಸಬಹುದು. ನನಗೆ ಬಲಭುಜ ನೋಯುತ್ತದೆ. ಹೆಬ್ಬೆರಳಿನ ಬುಡದಿಂದ ಹೊರಟ ನೋವು ಮೊಣಕೈ ದಾಟಿ ಕುತ್ತಿಗೆಗೆ ಬಂದು ಕೂರುತ್ತದೆ. ಇವತ್ತೂ ಹಾಗೇ ಆಯಿತು. ಟವೆಲ್ ಸುತ್ತಿಕೊಂಡ ಮಗಳು ಓಡಿ ಬಂದು ಮಡಿಲಿಗೆ ಬಿದ್ದಳು. ನಾನು ಮುಖ ಆಚೆ ತಿರುಗಿಸಿದೆ.

"ಕೂಸಿನ ತಲಿ ವಾಸನಿಗೆ ಮಾರಿ ಹಿಂಡತೀರಲ್ಲರೀ, ನಿಮ್ಮಂಥಾ ಅಪ್ಪನ್ನ ನಾ ಎಲ್ಲೂ ನೋಡಿಲ್ಲ" ಎಂದಳು ಹೆಂಡತಿ.

ಅವಳಿಗೆ ಹೇಗೆ ಹೇಳುವುದು? ನಿಮಗಾದರೂ ಹೇಳುತ್ತೇನೆ. ನಾನು ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವವನು. ಬಿಸಿಲು ತಡೆಯುವ ತೆಳ್ಳನೆಯ ಹಾಳೆ ಅದು. ಒಣ ಗಾಜಿನ ಮೇಲೆ ಇಟ್ಟರೆ ಇಟ್ಟಲ್ಲೇ ಕಚ್ಚಿಕೊಂಡುಬಿಡುತ್ತದೆ. ಆದ್ದರಿಂದ ನೀರಿಗೆ ನಾಲ್ಕು ಹನಿ ಶಾಂಪೂ ಬೆರೆಸಿ ಗಾಜಿಗೆ ಹೊಡೆಯಬೇಕು. ಆಗ ಹಾಳೆ ಜಾರುತ್ತದೆ. ಅತ್ತ ಇತ್ತ ಸರಿಸಿ ಕೂರಿಸಿ, ಆಮೇಲೆ ರಬ್ಬರ್ ಪಟ್ಟಿಯಿಂದ ನೀರನ್ನೆಲ್ಲ ಹೊರಗೆ ತಳ್ಳಬೇಕು. ಮಕ್ಕಳ ಶಾಂಪೂವೇ ಯಾಕೆ ಎಂದು ನಾನೂ ಮೊದಲ ದಿನ ಕೇಳಿದ್ದೆ. "ಕೂಸಿನ ಕಣ್ಣಿಗೆ ಉರಿ ಆಗಲಾರದ್ದು ಗಾಜಿಗೂ ಉರಿ ಆಗಂಗಿಲ್ಲ" ಎಂದು ಅಂಗಡಿಯ ಯಜಮಾನ ವಿಠ್ಠಲ ಮಾಮಾ ಉತ್ತರ ಕೊಟ್ಟಿದ್ದ. ದಾಂಡೇಲಿಯ ನಮ್ಮ ಅಂಬೇವಾಡಿಯ ಯಾವ ತಾಯಿಯೂ ನಮ್ಮ ಅಂಗಡಿಯಷ್ಟು ಮಕ್ಕಳ ಶಾಂಪೂ ಕೊಂಡಿರಲಿಕ್ಕಿಲ್ಲ. ನನಗಿನ್ನೂ ಮದುವೆಯಾಗದ ಕಾಲದಲ್ಲಿ ಕಿರಾಣಿ ಅಂಗಡಿಯವರು, "ಎಷ್ಟ ಮಕ್ಕಳ್ರೀ ನಿಮಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಪುಣ್ಯಾ ಮಾಡೀರಿ" ಅಂದಿದ್ದರು.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಜಂಬ ಅನ್ನಿಸುತ್ತದೆ. ನಾನು ಬಿ.ಎ. ಓದಿದವನು. ಈಗ ಹೇಳಿದರೂ ಜಂಬವೇ, ಇರಲಿ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವನೇ ನಾನು ಮೊದಲು. ಅಪ್ಪ ಹಳಿಯಾಳ ಕಡೆಯ ಒಂದು ಸಣ್ಣ ಹಳ್ಳಿಯಿಂದ ದಾಂಡೇಲಿಗೆ ಬಂದು, ಕಾಗದದ ಮಿಲ್ಲಿಗೆ ಬರುವ ಲಾರಿಗಳಿಂದ ಕಟ್ಟಿಗೆ, ಬಿದಿರು ಇಳಿಸಿದವನು. ಸಂಜೆ ಅವ್ವ ಅವನ ಅಂಗೈಯನ್ನು ಬಲ್ಬಿನ ಕೆಳಗೆ ಹಿಡಿದು ಸೂಜಿಯಿಂದ ಸಿಬಿರು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಓದುತ್ತಿದ್ದೆ. "ಜೋರಲೆ ಓದೋ, ಸೂಜಿ ಚುಚ್ಚಿದ್ದ ಗೊತ್ತಾಗಬಾರದು" ಅನ್ನುತ್ತಿದ್ದ ಅಪ್ಪ. ನಾನು ಬೇಡಿಕೆ ಪೂರೈಕೆಯ ನಿಯಮಗಳನ್ನು ಗಂಟಲು ಹರಿಯುವಂತೆ ಓದುತ್ತಿದ್ದೆ. ಹಳಿಯಾಳದ ಕಾಲೇಜಿನಲ್ಲಿ ಮೂರು ವರ್ಷ ಕಲಿತ ಅರ್ಥಶಾಸ್ತ್ರದಿಂದ ಯಾರಿಗಾದರೂ ನೇರವಾಗಿ ಉಪಯೋಗವಾಗಿದ್ದರೆ ಅದು ಅಪ್ಪನ ಅಂಗೈಗೆ.

ಪದವಿ ಬಂದ ಮೇಲೆ ಸರ್ಕಾರಿ ನೌಕರಿಯ ಪರೀಕ್ಷೆ ಬರೆದೆ. ಫಲಿತಾಂಶ ಬರುವವರೆಗೆ ಮೂರು ತಿಂಗಳು ಸುಮ್ಮನೆ ಕೂರುವುದೇಕೆ ಎಂದು ಹಳಿಯಾಳ ರಸ್ತೆಯ ವಿಠ್ಠಲ ಮಾಮಾನ ಅಂಗಡಿಗೆ ಹೋದೆ. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ.

ಮಾಮಾ ಅಂದರೆ ಸಂಬಂಧವೇನಿಲ್ಲ. ದಾಂಡೇಲಿಯಲ್ಲಿ ವಯಸ್ಸಾದ ಮೆಕ್ಯಾನಿಕ್ಕುಗಳೆಲ್ಲ ಮಾಮಾಗಳೇ. ಖಾನಾಪುರ ಕಡೆಯಿಂದ ಮಿಲ್ಲಿನ ಕೆಲಸಕ್ಕೆ ಬಂದ ತಂದೆಯ ಜೊತೆ ಹುಡುಗನಾಗಿದ್ದಾಗಲೇ ಈ ಊರಿಗೆ ಬಂದವನು. ಬೆಳಗಾವಿಗೆ ಹೋಗಿ ಈ ಕಸುಬು ಕಲಿತು ಬಂದು, ಊರಿನಲ್ಲಿ ಎಣಿಸಿದರೆ ಹತ್ತು ಕಾರು ಇಲ್ಲದ ಕಾಲದಲ್ಲೇ ಅಂಗಡಿ ಹಾಕಿದ್ದನಂತೆ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಲಿ ಎಷ್ಟ ಕಲ್ತಿ?" ಎಂದ. ಬಿ.ಎ. ಎಂದೆ, ಸ್ವಲ್ಪ ಎದೆ ಉಬ್ಬಿಸಿಯೇ.

"ಭಾಳ ಚಲೋ ಆತು. ಏ ಬಿ.ಎ., ಆ ಬಕೀಟ ತಗೊಂಡ ನೆಲಕ್ಕ ನೀರ ಹೊಡಿ."

ಅಂದಿನಿಂದ ನನ್ನ ಹೆಸರು ಬಿ.ಎ. ಮಾಮಾನ ಹೆಂಡತಿ, ಗಿರಾಕಿಗಳು, ಚಹಾದ ಅಂಗಡಿಯವನು, ಎಲ್ಲರಿಗೂ ನಾನು ಬಿ.ಎ. ನನ್ನ ಪದವಿಯನ್ನು ವಿಶ್ವವಿದ್ಯಾಲಯ ಒಂದು ಸಲ ಕೊಟ್ಟಿತು. ಹಳಿಯಾಳ ರಸ್ತೆ ದಿನಕ್ಕೆ ಐವತ್ತು ಸಲ ಕೊಡುತ್ತಿತ್ತು.

ನೆಲಕ್ಕೆ ನೀರು ಹೊಡೆಯುವುದು ಧೂಳು ಕೂರಲಿ ಎಂದು. ನಮ್ಮ ಕಸುಬಿನಲ್ಲಿ ಧೂಳೇ ಶನಿ. ಹಾಳೆಯ ಕೆಳಗೆ ಸಾಸಿವೆಯ ಕಾಲುಭಾಗದಷ್ಟು ಕಣ ಸಿಕ್ಕಿಕೊಂಡರೂ ಅದರ ಸುತ್ತ ಒಂದು ಗುಳ್ಳೆ ಏಳುತ್ತದೆ, ಗಿರಾಕಿಗೆ ಇಡೀ ಕಾರಿನಲ್ಲಿ ಅದೊಂದೇ ಕಾಣುತ್ತದೆ. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗಿ, ಪಾಳಿಯವರ ಗಾಡಿಗಳೆಲ್ಲ ಹಾದುಹೋಗಿ ರಸ್ತೆ ತಣ್ಣಗಾದ ಮೇಲೆಯೇ ನಾವು ಹಾಳೆ ಬಿಚ್ಚುತ್ತಿದ್ದೆವು. ಗಾಜಿನ ಹೊರಮೈ ಮೇಲೆ ಹಾಳೆ ಇಟ್ಟು ಬ್ಲೇಡಿನಿಂದ ಆಕಾರ ಕತ್ತರಿಸಬೇಕು, ಗಾಜಿಗೆ ಗೀರು ಬೀಳದಂತೆ. ಬಾಗಿದ ಗಾಜಾದರೆ ಬಿಸಿಗಾಳಿ ಹಾಯಿಸಿ ಹಾಳೆಯನ್ನು ಕುಗ್ಗಿಸಬೇಕು. ಆಮೇಲೆ ಕಾರಿನೊಳಗೆ ಹೊಕ್ಕು, ಸೀಟಿನ ಸಂದಿಯಲ್ಲಿ ಮೈ ಮಡಚಿ, ಕುತ್ತಿಗೆ ತಿರುವಿ ಒಳಮೈಗೆ ಅಂಟಿಸಬೇಕು. ಹಿಂದಿನ ಗಾಜಿಗೆ ಅಂಟಿಸುವಾಗ ನಾನು ಇರುವ ಭಂಗಿಯಲ್ಲಿ ನನ್ನನ್ನು ಕಂಡಿದ್ದರೆ ನಮ್ಮ ಅರ್ಥಶಾಸ್ತ್ರದ ಮಾಸ್ತರರು ಪಾಠ ಹೇಳುವುದನ್ನೇ ಬಿಡುತ್ತಿದ್ದರು.

ಮೈ ದಣಿದರೆ ರಾತ್ರಿ ಮಲಗಿದರೆ ಹೋಗುತ್ತದೆ. ಮಾತಿನ ದಣಿವು ಹೋಗುವುದಿಲ್ಲ. ಬಂದವರಿಗೆಲ್ಲ ಕಪ್ಪು ಬೇಕು. "ಒಳಗ ಯಾರದಾರ ಅಂತ ಗೊತ್ತಾಗಬಾರದು, ಹಂಗ ಹಾಕ್ರಿ." ಹಾಗೆ ಹಾಕಿದರೆ ಪೊಲೀಸರು ಹಿಡಿಯುತ್ತಾರೆ ಎಂದರೆ, "ನಾವು ನೋಡ್ಕೋತೇವಿ, ನೀವು ಹಾಕ್ರಿ" ಅನ್ನುತ್ತಾರೆ. ತಿಂಗಳೊಳಗೆ ಅದೇ ಗಾಡಿ ಮುಖ ಸಣ್ಣ ಮಾಡಿಕೊಂಡು ವಾಪಸು ಬರುತ್ತದೆ, ಕಿತ್ತುಕೊಡಿ ಎಂದು. ಅಂಟಿಸಿದವನೂ ನಾನೇ, ಕಿತ್ತವನೂ ನಾನೇ. ಕೊನೆಗೆ ಮಾಮಾ ಕಪ್ಪು ರೋಲುಗಳನ್ನು ತರಿಸುವುದನ್ನೇ ನಿಲ್ಲಿಸಿದ. ಕಾನೂನು ಒಪ್ಪುವ ತಿಳಿ ಹಾಳೆ ಮಾತ್ರ. ಅದು ಬಿಸಿಲನ್ನು ತಡೆಯುತ್ತದೆ, ಮುಖವನ್ನು ಮುಚ್ಚುವುದಿಲ್ಲ. ಇದನ್ನು ಗಿರಾಕಿಗೆ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. "ಹೇಳೋ ಬಿ.ಎ., ನೀ ಓದಿದಾಂವ ಅದಿ" ಎಂದು ಮಾಮಾ ಚಹಾ ಹಿಡಿದು ಕೂರುತ್ತಿದ್ದ.

ಮಾಮಾನ ಕೆಲಸಕ್ಕೆ ಜೊಯಿಡಾದ ಜೀಪಿನವರಿಂದ ಹಿಡಿದು ಮುಂಡಗೋಡದ ಗೋವಿನಜೋಳದ ವ್ಯಾಪಾರಿಗಳವರೆಗೆ ಹೆಸರಿತ್ತು. ಆ ಹೆಸರು ನಿಂತದ್ದು ಅಂಚಿನ ಮೇಲೆ. ಹಾಳೆ ಗಾಜಿನ ಅಂಚಿಗೆ ಪೂರ್ತಿ ಮುಟ್ಟಿದರೆ ಗಾಜು ಇಳಿಸಿ ಏರಿಸುವಾಗ ರಬ್ಬರಿಗೆ ತಾಗಿ ಏಳುತ್ತದೆ. ದೂರ ಉಳಿದರೆ ಆ ಸಂದಿಯಿಂದ ಬಿಳಿ ಬೆಳಕಿನ ಗೆರೆ ಹೊಡೆಯುತ್ತದೆ, ಕೆಲಸ ಹಲ್ಲುಬಿಟ್ಟಂತೆ ಕಾಣುತ್ತದೆ. ಮಾಮಾನ ಸೂತ್ರ ಒಂದೇ: "ಅಂಚಿನಾಗ ಕೂದಲ ಹಾಯಬೇಕು, ಅಕ್ಕಿಕಾಳ ಕೂಡಬಾರದು." ಬ್ಲೇಡು ಹಿಡಿದು ಉಸಿರು ಕಟ್ಟಿ ಒಂದೇ ಎಳೆತಕ್ಕೆ ಎಳೆದರೆ ಹಾಗೆಯೇ ಬರುತ್ತಿತ್ತು. ನನಗೆ ಅದು ಬರಲು ನಾಲ್ಕು ವರ್ಷ ಬೇಕಾಯಿತು. ಬಿ.ಎ.ಗೆ ಮೂರೇ ವರ್ಷ ಸಾಕಾಗಿತ್ತು.

ಮಾಮಾನ ಗಾಜಿನಲ್ಲಿ ಅಕ್ಕಿಕಾಳು ಕೂರುವುದನ್ನು ನಾನು ಮೊದಲು ನೋಡಿದ್ದು ಒಬ್ಬ ಗುತ್ತಿಗೆದಾರನ ಬಿಳಿ ಕಾರಿನಲ್ಲಿ. ಎಡಬದಿಯ ಮೇಲಿನ ಮೂಲೆ. ನಡುವೆ ಕನ್ನಡಿಯಂತೆ ನಯವಾಗಿದೆ, ಒಂದು ಗುಳ್ಳೆಯಿಲ್ಲ. ಮೂಲೆಯಲ್ಲಿ ಮಾತ್ರ ಬೆಳಕಿನ ಗೆರೆ. ಮಾಮಾ ಒರೆಸುವ ಬಟ್ಟೆ ಹೆಗಲಿಗೆ ಹಾಕಿ, "ಬರೋಬ್ಬರಿ ಆತು" ಎಂದು ಊಟಕ್ಕೆ ಮನೆಗೆ ಹೋದ. ಮಧ್ಯಾಹ್ನ ಮನೆಯಲ್ಲಿ ಉಂಡು ಒಂದು ಗಳಿಗೆ ಅಡ್ಡಾಗಿ, ನಾಲ್ಕಕ್ಕೆ ಬರುವುದು ಅವನ ರೂಢಿ. ನಾನು ಗಾಜಿನ ಮುಂದೆ ನಿಂತೆ. ಕಡಿಮೆ ಬಿದ್ದ ಅಂಚಿಗೆ ತೇಪೆ ಹಾಕಲು ಬರುವುದಿಲ್ಲ. ಇಡೀ ಹಾಳೆ ಕಿತ್ತು ಹೊಸದು ಹಾಕಬೇಕು. ಕಿತ್ತೆ, ಹಾಕಿದೆ. ನಾಲ್ಕಕ್ಕೆ ಮಾಮಾ ಬಂದಾಗ ಗಾಜು ಒಣಗಿತ್ತು. ಗುತ್ತಿಗೆದಾರ ಬಂದು ಬೆರಳಾಡಿಸಿ, "ಮಾಮಾ, ಕೈ ಅಂದ್ರ ನಿಮ್ಮ ಕೈ ನೋಡ್ರಿ" ಎಂದ. ಮಾಮಾ ಮೀಸೆಯಲ್ಲೇ ನಕ್ಕ. ನನಗೂ ಖುಷಿಯಾಯಿತು. ಗುರುವಿನ ಮಾನ ಉಳಿಸಿದೆ ಅನ್ನುವುದು ಒಂದು ಖುಷಿ. ಇನ್ನೊಂದು ಖುಷಿಯೂ ಇತ್ತು, ಅದನ್ನು ಹೇಳಲು ನಾಲಿಗೆ ತಡೆಯುತ್ತದೆ: ಈಗ ನನ್ನ ಅಂಚು ಅವನ ಅಂಚಿಗಿಂತ ಚೆನ್ನಾಗಿದೆ ಎಂದು.

ಅದು ಒಂದು ದಿನದ ಮಾತಾಗಲಿಲ್ಲ. ತಿಂಗಳಿಗೊಂದು, ಆಮೇಲೆ ವಾರಕ್ಕೊಂದು, ಆಮೇಲೆ ಹೆಚ್ಚುಕಡಿಮೆ ಪ್ರತಿ ಗಾಡಿಯಲ್ಲೂ ಒಂದು ಮೂಲೆ. ಹೀಗೆ ಎರಡು ವರ್ಷ ಮಾಮಾ ಮಲಗಿದ ಹೊತ್ತಿನಲ್ಲಿ ನಾನು ಅವನ ಕೆಲಸವನ್ನು ಕಿತ್ತು ಹಾಕಿದೆ. ಬೇರೆ ಸುಳಿವುಗಳೂ ಇದ್ದವು. ಪಕ್ಕದಿಂದ ಚಹಾ ಕೊಟ್ಟರೆ ಕೈ ಬರುತ್ತಿರಲಿಲ್ಲ. ಎದುರಿಗೆ ಹಿಡಿದರೆ ತಗೊಳ್ಳುತ್ತಿದ್ದ. ತೆರೆದಿಟ್ಟ ಕಾರಿನ ಬಾಗಿಲಿಗೆ ಎರಡು ಸಲ ಹಣೆ ಬಡಿದುಕೊಂಡ. ಸ್ಕೂಟರ್ ಮಾರಿ, "ಮೊಣಕಾಲ ನೋವು" ಎಂದ. ರಸ್ತೆ ದಾಟುವಾಗ ಕುತ್ತಿಗೆಯನ್ನಲ್ಲ, ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಇಷ್ಟೆಲ್ಲ ನೋಡಿಯೂ ನಾನು ಏನೆಂದುಕೊಂಡೆ? ವಯಸ್ಸಾಯಿತು ಎಂದುಕೊಂಡೆ. ಅಪ್ಪ ಆಗಿನ್ನೂ ಬದುಕಿದ್ದ, ಒಂದು ಸಂಜೆ ನೀರಿನಲ್ಲಿ ನೆನೆದು ಬಿಳಿಚಿಕೊಂಡ ನನ್ನ ಬೆರಳುಗಳನ್ನು ಹಿಡಿದು ನೋಡಿ, "ಎರಡ ಆಳಿನ ಕೆಲಸ ಮಾಡಾಕತ್ತೀ ಏನು?" ಎಂದು ಕೇಳಿದ್ದ. ನಾನು ಬೆರಳು ಬಿಡಿಸಿಕೊಂಡು ಊಟಕ್ಕೆ ಕೂತೆ.

ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಆ ದಿನ ಒಂದು ಜೀಪು ಬಂತು. ಓಡಿಸುತ್ತಿದ್ದವರು ಒಬ್ಬ ತರುಣ ಭಿಕ್ಷು, ಹಿಂದೆ ಕೂತವರು ಹಣ್ಣಾದ ಒಬ್ಬ ಹಿರಿಯ ಭಿಕ್ಷು, ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಹಿರಿಯರ ಕಣ್ಣಿನ ಚಿಕಿತ್ಸೆ ನಡೆದಿದೆ, ಬಿಸಿಲು ತಡೆಯುವುದಿಲ್ಲ, ಕಾನೂನಿನ ಹಾಳೆಯನ್ನೇ ಹಾಕಿ ಎಂದು ತರುಣ ಭಿಕ್ಷು ಹೇಳಿದರು. ಕಪ್ಪು ಬೇಡ ಎಂದು ತಾವಾಗಿ ಹೇಳಿದ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕುರ್ಚಿ ಒರೆಸಿ ಹಾಕಿದೆ. ಹಿರಿಯರು ಕೂತು, ತಮ್ಮ ಚೀಲದಿಂದ ಬಿಸ್ಕೀಟಿನ ಪುಡಿಕೆ ತೆಗೆದು, ಪಕ್ಕದಲ್ಲಿ ನಿಂತು ಗಾಜು ಒರೆಸುತ್ತಿದ್ದ ಮಾಮಾನ ಕಡೆ ಹಿಡಿದರು. ಮಾಮಾ ತಗೊಳ್ಳಲಿಲ್ಲ. ಅವರು ಹಿಡಿದೇ ಇದ್ದರು. ದೊಡ್ಡವರಿಗೆ ಮರ್ಯಾದೆ ಕೊಡದೆ ಹೀಗೆ ನಿಂತಿದ್ದಾನಲ್ಲ ಎಂದು ನಾನು ಒದ್ದಾಡಿದೆ. ಹಿರಿಯರು ಪುಡಿಕೆಯನ್ನು ಮೆಲ್ಲಗೆ ಮುಂದೆ ಸರಿಸಿದರು. ಕಿವಿಯ ನೇರ, ಕೆನ್ನೆಯ ನೇರ. ಮೂಗಿನ ಹತ್ತಿರ ಬಂದಾಗ ಮಾಮಾ ಬೆಚ್ಚಿ, "ಅರೇ, ಬ್ಯಾಡ ಬ್ಯಾಡ್ರಿ ಅಜ್ಜಾರ, ನೀವು ತಿನ್ರಿ" ಎಂದು ಕೈ ಮುಗಿದ.

ಹಿರಿಯರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ತರುಣ ಭಿಕ್ಷು ಸಂಕೋಚದಿಂದ, "ಅಜ್ಜಾರು ಕೇಳ್ತಾರ, ನಿಮಗ ಬಾಜೂಕಿಂದು ಕಾಣಸ್ತೈತೇನು?" ಎಂದರು.

"ಕಾಣದ ಏನ್ರಿ? ಎಲ್ಲಾ ಕಾಣಸ್ತೈತಿ" ಎಂದ ಮಾಮಾ, ಸ್ವಲ್ಪ ಬಿರುಸಾಗಿಯೇ.

"ಅಜ್ಜಾರಿಗೂ ಹಿಂಗ ಇತ್ತು. ಅವರೂ ಎಲ್ಲಾ ಕಾಣಸ್ತೈತಿ ಅಂತಿದ್ರು. ಡಾಕ್ಟರಿಗೆ ತೋರ್ಸ್ರಿ ಅಂತ ಹೇಳಾಕತ್ತಾರ. ತಡಾ ಮಾಡಬ್ಯಾಡ್ರಿ ಅಂತಾರ."

ಜೀಪು ಹೋದ ಮೇಲೆ ಮಾಮಾ ಒರೆಸುವ ಬಟ್ಟೆಯನ್ನು ಮೂರು ಸಲ ತೊಳೆದು ಹಿಂಡಿದ. ಆಮೇಲೆ, "ಆ ಮುದುಕಗ ತನ್ನ ಕಣ್ಣಾಗ ಕಂಡದ್ದ ಎಲ್ಲಾರ ಕಣ್ಣಾಗೂ ಕಾಣಸ್ತೈತಿ" ಎಂದು ನಗಲು ನೋಡಿದ. ನಾನು ನಗಲಿಲ್ಲ. ಆ ರಾತ್ರಿ ಮಾಮಿಗೆ ಫೋನ್ ಮಾಡಿ ಹೇಳಿದೆ. ಅವಳು ಅತ್ತು ಕರೆದು ಗಂಡನನ್ನು ಒಪ್ಪಿಸಿದಳು. ಒಂದು ಸೋಮವಾರ ಅಂಗಡಿ ಮುಚ್ಚಿ, ನಾನೂ ಅವನೂ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋದೆವು.

ಅಲ್ಲಿ ಒಂದು ಯಂತ್ರದ ಡಬ್ಬಿಯೊಳಗೆ ಗದ್ದ ಊರಿಸಿ ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಪರದೆಯ ಆಚೆ ನಿಂತು ಗುಂಡಿಯ ಸದ್ದಿಗೆ ಕಾಯುತ್ತಿದ್ದೆ. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ನಾನು ಬರೆದ ಯಾವ ಪರೀಕ್ಷೆಯಲ್ಲೂ ಅಷ್ಟು ಹೆದರಿರಲಿಲ್ಲ. ಆಮೇಲೆ ಡಾಕ್ಟರಮ್ಮ ಒಂದು ಹಾಳೆ ತೋರಿಸಿದರು. ಎರಡು ವೃತ್ತ. ಎರಡರಲ್ಲೂ ನಡುವೆ ಒಂದಿಷ್ಟು ಬಿಳಿ, ಅಂಚಿನ ತುಂಬ ಕಪ್ಪು. ಎಡಗಣ್ಣಿನದಂತೂ ಬಿಳಿಯೇ ಒಂದು ಚೂರು. ನನಗೆ ಯಾರೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕಾನೂನು ಒಪ್ಪದ ಕಪ್ಪು ಹಾಳೆಯನ್ನು ಅಂಚಿನಿಂದ ಒಳಕ್ಕೆ ಅಂಟಿಸುತ್ತ ಬಂದ ಹಾಗಿತ್ತು. ಅದನ್ನು ಕೀಳುವುದಕ್ಕೆ ಮಾತ್ರ ಬರುವುದಿಲ್ಲ.

"ಗ್ಲಾಕೋಮಾ ಅಂತಾರ್ರಿ ಇದಕ್ಕ. ಕಣ್ಣಿನ ಒಳಗಿನ ಒತ್ತಡ. ನೋವ ಇರಂಗಿಲ್ಲ, ಅದಕ್ಕ ಗೊತ್ತಾಗಂಗಿಲ್ಲ" ಎಂದರು ಡಾಕ್ಟರಮ್ಮ. "ಹೋದದ್ದು ತಿರುಗಿ ಬರಂಗಿಲ್ಲ ಮಾಮಾ. ಉಳದದ್ದ ಉಳಿಸ್ಕೊಳ್ಳೂಣು. ದಿನಾ ಹನಿ ಹಾಕೊಬೇಕು, ತಪ್ಪಸಬಾರದು. ಒಂದೆರಡು ವರ್ಷ ಮೊದಲ ಬರಬೇಕಿತ್ತು ನೀವು. ಕೆಲಸದಾಗ ಏನೂ ತಪ್ಪು ಆಗ್ತಿರಲಿಲ್ಲೇನು? ಅಂಚು, ಮೂಲಿ, ಹಂಗೇನರೆ?"

ಮಾಮಾ ಬೆನ್ನು ನೆಟ್ಟಗೆ ಮಾಡಿ ಕೂತ. "ಇಲ್ರಿ ಮೇಡಂ. ಒಂದೂ ಇಲ್ಲ. ಮೂಲಿಗೇ ಹೆಸರಾದಾಂವ ನಾ. ತಪ್ಪು ಆಗಿದ್ರ ನನಗ ತಿಳೀತಿರಲಿಲ್ಲೇನು? ಬೇಕಾದ್ರ ಈ ಬಿ.ಎ.ನ್ನ ಕೇಳ್ರಿ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಮಾಮಾನೂ ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದ. ಅವನು ಹೇಳಿದ್ದೇ ಹೌದೆಂದು ನಾನು ತಲೆಯಾಡಿಸಿದೆ.

ಓದುಗರೇ, ನೀವು ನನ್ನ ಬಗ್ಗೆ ಈಗ ಏನೆಂದುಕೊಂಡಿರೋ ಅದನ್ನು ನಾನು ಧಾರವಾಡ ದಾಟುವವರೆಗೆ ಬಸ್ಸಿನಲ್ಲಿ ಕೂತು ಅಂದುಕೊಂಡಿದ್ದೇನೆ. ಹಳಿಯಾಳದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಿಟಕಿಯ ಹೊರಗೆ ನನ್ನ ಕಾಲೇಜಿನ ಕಡೆ ಹೋಗುವ ರಸ್ತೆ ಕಾಣುತ್ತಿತ್ತು. ಅದನ್ನು ನೋಡುತ್ತಲೇ ಹೇಳಿದೆ. ಬಿಳಿ ಕಾರಿನಿಂದ ಹಿಡಿದು ಎಲ್ಲ ಹೇಳಿದೆ. ನೀವು ಮಲಗಿದಾಗ ಕಿತ್ತು ಹಾಕುತ್ತಿದ್ದೆ ಮಾಮಾ, ನಿಮ್ಮ ಹೆಸರು ಕೆಡಬಾರದು ಅಂತ.

ಮಾಮಾ ಎರಡೂ ಕೈಯಿಂದ ಎದುರಿನ ಸೀಟಿನ ಕಂಬಿ ಹಿಡಿದುಕೊಂಡ. ಆಮೇಲೆ ಕೇಳಿದ: "ಎಷ್ಟ ದಿನಾ?"

"ಎರಡ ವರ್ಷರಿ."

"ಎರಡ ವರ್ಷ ನನ್ನ ಕೆಲಸಕ್ಕ ಕೈ ಹಚ್ಚಿದಿ."

"ಮಾಮಾ, ನಿಮ್ಮ ಸಲುವಾಗಿನ..."

"ಒಂದ ಮಾತ. ಒಂದ ಮಾತ ಅನ್ನಬೇಕಿತ್ತಲ್ಲೋ. ‘ಮಾಮಾ, ಮೂಲ್ಯಾಗ ಅಕ್ಕಿಕಾಳ ಕುಂತೈತಿ’ ಅಂತ. ಬೈತಿದ್ದೆ. ಬೈದಿದ್ರ ಬೈಸ್ಕೋಬೇಕಿತ್ತು." ಅವನ ಧ್ವನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. "ಗಾಜ ನನಗ ಹೇಳತಿತ್ತೋ ಕಣ್ಣ ಹೋಗಾಕತ್ತಾವು ಅಂತ. ನೀ ಅದರ ಬಾಯಿ ಮುಚ್ಚಿದಿ. ಬಿ.ಎ. ಓದಿದಾಂವಗ ಇಷ್ಟ ತಿಳೀಲಿಲ್ಲೇನು?"

ಎದ್ದು, ಕಂಬಿಗಳನ್ನು ಒಂದೊಂದಾಗಿ ತಡವುತ್ತ ಹೋಗಿ, ಮುಂದಿನ ಖಾಲಿ ಸೀಟಿನಲ್ಲಿ ಕೂತ. ದಾಂಡೇಲಿ ಬರುವವರೆಗೆ ಅವನ ಟೊಪ್ಪಿಗೆಯ ಹಿಂಬದಿ ನೋಡುತ್ತ ಕೂತೆ. ಊರಿನಲ್ಲಿ ಎಷ್ಟೋ ಜನ ಬಿ.ಎ. ಎಂದು ಕರೆದಿದ್ದಾರೆ, ಚುಡಾಯಿಸಿದ್ದಾರೆ. ಆ ಎರಡಕ್ಷರ ಬೈಗುಳದಂತೆ ಕೇಳಿದ್ದು ಅಂದು ಒಂದೇ ಸಲ.

ಮರುದಿನ ಮಾಮಿಯ ಕೈಯಲ್ಲಿ ಅಂಗಡಿಯ ಕೀಲಿ ಬಂತು. ಮಾಮಾ ಬರಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ. ನಾನು ಒಬ್ಬನೇ ನೆಲಕ್ಕೆ ನೀರು ಹೊಡೆದು, ಒಬ್ಬನೇ ಹಾಳೆ ಬಿಚ್ಚಿ, ಒಬ್ಬನೇ ಗಿರಾಕಿಗಳ ಜೊತೆ ವಾದ ಮಾಡಿದೆ. ಮನೆಗೆ ಹೋದರೆ ಮಾಮಾ ಒಳಗಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಮಾಮಿ ಚಹಾ ಕೊಟ್ಟು ಪಿಸುಮಾತಿನಲ್ಲಿ, "ಸಿಟ್ಟಲ್ಲಪಾ ಅವರಿಗೆ, ನಾಚಿಕಿ" ಎಂದಳು. ಆಮೇಲೆ ನಗು ತಡೆಯಲಾರದೆ ಇನ್ನೊಂದು ಹೇಳಿದಳು. "ಸಂತಿಗೆ ಕರಕೊಂಡ ಹೋದ್ರ ಕಾಯಿಪಲ್ಲೆ ನೋಡಂಗಿಲ್ಲೋ ಬಿ.ಎ. ಎಲ್ಲಿ ಗಾಡಿ ನಿಂತಿದ್ರ ಅಲ್ಲಿ ಹೋಗಿ ಗ್ಲಾಸಿಗೆ ಮೂಗ ಹಚ್ಚಿ ನಿಂದರ್ತಾರ. ಮೊನ್ನಿ ಒಂದ ಕಾರಿನಾಗ ಗೋವಾದ ಕಡಿ ಹೆಣ್ಮಗಳ ಕುಂತಿದ್ಲು. ಎಂಥಾ ಚೀರಿದ್ಲೋ! ನಾ ಕೈಕಾಲ ಬಿದ್ದು ಬಿಡಿಸ್ಕೊಂಡ ಬಂದೆ. ಇನ್ನ ಎಂಥಾ ಕೇಸ ಆಗತಿತ್ತೋ!"

ನನಗೂ ನಗು ಬಂತು, ಅರ್ಧಕ್ಕೇ ನಿಂತಿತು. ಅವನು ಏನು ಹುಡುಕುತ್ತಿದ್ದಾನೆ ಎಂದು ತಿಳಿಯಿತು. ಊರಿನಲ್ಲಿ ಓಡಾಡುವ ಗಾಜುಗಳಲ್ಲಿ ಯಾವುದು ತನ್ನದು, ಯಾವುದು ನನ್ನದು ಎಂದು.

ಮಳೆಗಾಲ ಮುಗಿದು ಬಿಸಿಲು ಬಿದ್ದ ಒಂದು ದಿನ ಅವನು ಅಂಗಡಿಗೆ ಬಂದ. ಮಾಮಿ ರಸ್ತೆ ದಾಟಿಸಿ ಬಿಟ್ಟು ಹೋದಳು. ಕುರ್ಚಿಯನ್ನು ತಡವಿ ಎಳೆದುಕೊಂಡು ಕೂತ. ನಾನು ಕೈಯಲ್ಲಿದ್ದ ರಬ್ಬರ್ ಪಟ್ಟಿ ಇಳಿಸದೆ ನಿಂತೆ.

"ಎಲ್ಲಾ ನೋಡಿದೆ" ಎಂದ. "ಯಾವದು ನನ್ನದು, ಯಾವದು ನಿಂದು, ಗೊತ್ತಾಗವಲ್ದು."

ಅದು ಬೈಗುಳವೋ ಹೊಗಳಿಕೆಯೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಇವತ್ತಿಗೂ ಇಲ್ಲ. ಅವನೇ ಮುಂದುವರಿಸಿದ: "ನೀ ಹಾಕೋದ ಹಾಕು. ಗಿರಾಕಿಗೆ ಕೊಡೂಕಿಂತ ಮೊದಲ ನಾ ನೋಡ್ತೇನಿ. ಕಣ್ಣಲೆ ಅಲ್ಲ."

ಅಂದಿನಿಂದ ಅದು ನಮ್ಮ ಅಂಗಡಿಯ ಪದ್ಧತಿ. ಕೆಲಸ ಮುಗಿದ ಕಾರಿನೊಳಗೆ ಮಾಮಾ ಮೆಲ್ಲಗೆ ಹೊಕ್ಕು, ಹೆಬ್ಬೆರಳಿನ ಉಗುರನ್ನು ಅಂಚಿನ ಸಂದಿಯಲ್ಲಿಟ್ಟು ಸುತ್ತ ಓಡಿಸುತ್ತಾನೆ. ಹೊಸ ಗಿರಾಕಿಗಳು, ಈ ಮುದುಕ ಏನು ಮಂತ್ರ ಹಾಕುತ್ತಿದ್ದಾನೆ ಎಂದು ನೋಡುತ್ತಾರೆ. ಹನಿ ಔಷಧಿಯನ್ನು ಒಂದು ದಿನವೂ ತಪ್ಪಿಸಿಲ್ಲ. ಎಡಗಣ್ಣು ಹೋಯಿತು, ಬಲಗಣ್ಣಿನ ನಡುವಿನ ಬಿಳಿ ಉಳಿದಿದೆ. ಇಷ್ಟು ವರ್ಷಗಳಲ್ಲಿ ಅವನ ಉಗುರು ನನ್ನ ಅಂಚಿನಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಅದು ನನಗೆ ನನ್ನ ಪದವಿಪತ್ರಕ್ಕಿಂತ ಸ್ವಲ್ಪ ಕೆಳಗೆ, ಬಹಳ ಕೆಳಗಲ್ಲ.

ಇವತ್ತು ಭಾನುವಾರವಾದರೂ ಮಧ್ಯಾಹ್ನ ಅಂಗಡಿ ತೆಗೆಯಬೇಕಾಯಿತು. ಜೊಯಿಡಾ ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರ ಕಾರಿನ ಕೆಲಸ ನಿನ್ನೆ ಮುಗಿಸಿದ್ದೆ, ಒಣಗಲು ಬಿಟ್ಟಿದ್ದೆ. ಅವರು ಒಯ್ಯಲು ಬಂದಿದ್ದರು. ನಾನು ನಾಲ್ಕೂ ಕಡೆ ಸುತ್ತಿ ನೋಡಿದೆ, ಸರಿಯಾಗಿತ್ತು. ಮಾಮಾ ಒಳಗೆ ಹೊಕ್ಕ. ಮುಂದಿನ ಎರಡು ಗಾಜು ಆಯಿತು. ಹಿಂದಿನ ಎಡಗಡೆಯದಾಯಿತು. ಬಲಗಡೆಯದರ ಕೆಳಮೂಲೆಯಲ್ಲಿ ಉಗುರು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂದು ಅಲ್ಲೇ ನಿಂತಿತು.

"ಬಿ.ಎ., ಇಲ್ಲಿ ಅಕ್ಕಿಕಾಳ ಕೂಡತೈತಿ."

ಬಗ್ಗಿ ನೋಡಿದೆ. ನನಗೇನೂ ಕಾಣಲಿಲ್ಲ. ಮೊಬೈಲಿನ ಬೆಳಕು ಹಾಕಿ, ಮುಖ ಹಿಂದೆ ಮುಂದೆ ಮಾಡಿದೆ. ಒಂದು ಹಂತದಲ್ಲಿ, ಮುಖವನ್ನು ಬಹಳ ಹಿಂದೆ ತಂದಾಗ, ಬಿಳಿ ಗೆರೆ ಫಳಕ್ಕನೆ ಕಂಡಿತು. ಮಾಲೀಕರೂ ಬಗ್ಗಿದರು. "ಇರ್ಲಿ ಬಿಡ್ರಿ ಮಾಮಾ, ಅಷ್ಟ ಬಾರೀಕ ಯಾರ ನೋಡ್ತಾರ? ನನಗ ಹೊತ್ತಾಗೇತಿ."

ನನ್ನ ಕಿವಿ ಬಿಸಿಯಾಗಿತ್ತು. ಹೊರಗಿನವರ ಎದುರಿಗೆ ಹೇಳಬೇಕಿತ್ತೇ ಎಂದು ಒಂದು ಕ್ಷಣ ಸಿಟ್ಟೂ ಬಂತು. ಅವರು ಹೋದ ಮೇಲೆ, ಪಕ್ಕಕ್ಕೆ ಕರೆದು... ಅಷ್ಟರಲ್ಲಿ ನನಗೇ ನಾಚಿಕೆಯಾಗಿ ಆ ಯೋಚನೆ ಅಲ್ಲಿಗೇ ನಿಂತಿತು.

"ಒಂದ ತಾಸ ಕುಂದರ್ರಿ ಸಾಹೇಬ್ರ, ಚಹಾ ತರಸ್ತೇನಿ" ಎಂದು ಮಾಲೀಕರಿಗೆ ಹೇಳಿ, ಹಾಳೆಯ ಮೂಲೆಗೆ ಉಗುರು ಹಾಕಿ ಕಿತ್ತೆ. ಮಾಮಾ ಕಾರಿನಿಂದ ಇಳಿಯಲಿಲ್ಲ. ಪಕ್ಕದ ಸೀಟಿನಲ್ಲೇ ಕೂತು, ಇಡೀ ಮೈಯನ್ನು ನನ್ನ ಕಡೆ ತಿರುಗಿಸಿ, ಉಳಿದ ಆ ಒಂದು ಚೂರು ಕಣ್ಣಿನಲ್ಲಿ ನನ್ನ ಮುಖವನ್ನು ಹುಡುಕಿ ಹಿಡಿದ.

"ನಿನಗ ಕಾಣಿಸಿರಲಿಲ್ಲ, ಹೌದಲ್ಲೋ?"

"ಇಲ್ರಿ ಮಾಮಾ. ಕಾಣಿಸಿರಲಿಲ್ಲ."

"ನಲವತ್ತರ ಚಾಳೀಸ ಇರಬೇಕು. ಇಲ್ಲಾ ನನ್ನಂಥಾದ್ದ ಇರಬೇಕು. ತೋರ್ಸಿದ್ರ ತಿಳೀತೈತಿ. ನಾಳೆ ಅಂಗಡಿ ಬಂದ್. ಮುಂಜಾನಿ ಬಸ್ಸಿಗೆ ಹುಬ್ಬಳ್ಳಿಗೆ ಹೋಗೂಣು. ನಾ ಬರ್ತೇನಿ ನಿನ್ನ ಕೂಡ."

ನಾನು ಹೂಂ ಎಂದು, ಬಾಟಲಿ ಎತ್ತಿ ಗಾಜಿಗೆ ನೀರು ಹೊಡೆದೆ. ಕಾರಿನೊಳಗೆಲ್ಲ ನನ್ನ ಮಗಳ ತಲೆಯ ವಾಸನೆ ತುಂಬಿತು. ಭುಜ ಎಂದಿನಂತೆ ನೋಯುತ್ತಿತ್ತು. ಮುಖ ತಿರುಗಿಸದೆ ಹೊಸ ಹಾಳೆ ಬಿಚ್ಚಿದೆ.